ನರ್ಸಮ್ಮನ ಜಾತಿ ನಾಯಿ

ಅವರ ಕೈ ಯಾವಾಗಲೂ ಬೆಚ್ಚಗಿರುತ್ತಿತ್ತು. ಮಾಗಿಯ ಬೆಳಗಿನಲ್ಲಿ ಬಾವಿಯ ನೀರು ಸೇದಿ ಬಂದಮೇಲೂ ಬೆಚ್ಚಗೇ. ಹೆರಿಗೆಯ ಕೋಣೆಗೆ ಕಾಲಿಡುವ ಮುಂಚೆ ಎರಡು ಅಂಗೈಗಳನ್ನೂ ಉಜ್ಜಿ, ತಮ್ಮ ಕೆನ್ನೆಗೆ ಒತ್ತಿ ನೋಡಿಕೊಂಡು ಆಮೇಲೆ ಒಳಗೆ ಹೋಗುವರು. ತಣ್ಣನೆಯ ಕೈ ಮುಟ್ಟಿದರೆ ಹೊಟ್ಟೆ ಬಿಗಿಯುತ್ತದೆ, ಮಗುವಿಗೆ ದಾರಿ ಸಿಕ್ಕುವುದಿಲ್ಲ ಎನ್ನುತ್ತಿದ್ದರು. ಪ್ರತಿ ಭಾನುವಾರ ಹಿತ್ತಲ ಕಲ್ಲಿನ ಮೇಲೆ ಕೂತು ಬ್ಲೇಡಿನಿಂದ ಉಗುರು ತೆಗೆಯುತ್ತಿದ್ದರು. ಹತ್ತು ಬೆರಳಿಗೆ ಅರ್ಧ ಗಂಟೆ ಹಿಡಿಯುತ್ತಿತ್ತು.

ಅವರು ತೀರಿಕೊಂಡು ಆರು ತಿಂಗಳಾಯಿತೆಂದು ಮೊನ್ನೆ ಕೊಳ್ಳೇಗಾಲದಿಂದ ಬಂದ ನನ್ನ ತಮ್ಮ ಹೇಳಿದ. ಅವನಿಗೆ ಅದೊಂದು ಸಾಮಾನ್ಯ ಸುದ್ದಿ. ಆಸ್ಪತ್ರೆಯ ಹಳೆಯ ನರ್ಸಮ್ಮ ಒಬ್ಬರು ಹೋದರು, ಮಣ್ಣಿಗೆ ಬಹಳ ಜನ ಸೇರಿದ್ದರು ಎಂದ. ನನಗೆ ಮಾತ್ರ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ. ಈ ವಿಷಯವನ್ನು ಇಷ್ಟು ವರ್ಷ ನಾನು ಯಾರಿಗೂ ಪೂರ್ತಿಯಾಗಿ ಹೇಳಿಲ್ಲ.

ನಾನು ಯಳಂದೂರಿನವಳು. ನನ್ನನ್ನು ಹನೂರಿನ ಶಾಲೆಯ ಮೇಷ್ಟ್ರಿಗೆ ಕೊಟ್ಟಾಗ ಇನ್ನೂ ಕನ್ನಡದ ಸೀಮೆಗಳು ಒಂದಾಗಿರಲಿಲ್ಲ. ಯಳಂದೂರು ಮೈಸೂರಿನದು, ಕೊಳ್ಳೇಗಾಲ ಹನೂರುಗಳು ಕೊಯಮತ್ತೂರು ಜಿಲ್ಲೆಯವು. ಒಂದು ಹೊತ್ತಿನ ಗಾಡಿ ದಾರಿಯಾದರೂ ಬೇರೆ ರಾಜ್ಯಕ್ಕೆ ಹೋದ ಹಾಗೆ. ಆಫೀಸಿನ ಕಾಗದಗಳು ತಮಿಳಿನಲ್ಲಿ ಬರುತ್ತಿದ್ದವು. ನನಗೆ ತಾಯಿಯಿರಲಿಲ್ಲ. ಹದಿನೆಂಟರ ನನಗೆ ಆ ಊರಿನಲ್ಲಿ ಮೊದಲು ಸಿಕ್ಕ ಮನುಷ್ಯರೆಂದರೆ ಪಕ್ಕದ ಮನೆಯ ನರ್ಸಮ್ಮ. ಹೆರಿಗೆ ಕೇಂದ್ರಕ್ಕೆ ಸೇರಿದ ಒಂದು ಅಂಕಣದ ಮನೆ ಅವರದು. ನಮ್ಮಿಬ್ಬರಿಗೂ ಒಂದೇ ಹಿತ್ತಲು, ಒಂದೇ ಬಾವಿ.

ಆಗ ಅವರಿಗೆ ನಲವತ್ತರ ಹತ್ತಿರ. ಎತ್ತರದ ಹೆಂಗಸು. ಬಿಳಿ ಸೀರೆ, ಕಾಲಿಗೆ ಗಂಡಸರ ಹಾಗೆ ಎಕ್ಕಡ. ಅವರ ತಂದೆ ಕೊಳ್ಳೇಗಾಲದ ಹತ್ತಿರದ ಹಳ್ಳಿಯೊಂದರಲ್ಲಿ ತೋಟಿಯಾಗಿದ್ದವರು. ಮಿಷನ್ನಿನವರ ಹಾಸ್ಟೆಲಿನಲ್ಲಿ ಓದಿ, ಕೊಯಮತ್ತೂರಿನಲ್ಲಿ ಹೆರಿಗೆ ಕೆಲಸ ಕಲಿತು ಬಂದಿದ್ದರು. ಮದುವೆಯಾಗಿರಲಿಲ್ಲ. ಏಕೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಚೀಲದಲ್ಲಿ ಕತ್ತರಿ, ದಾರ, ಟಿಂಚರಿನ ಸೀಸೆ, ಜೊತೆಗೆ ಒಂದು ಹಿತ್ತಾಳೆ ಲೋಟ. ಮೇಲುಜಾತಿಯವರ ಮನೆಯಲ್ಲಿ ಅವರಿಗೆ ನೀರು ಕೊಡುವಾಗ ಎತ್ತಿ ಹುಯ್ಯುವುದೋ, ಚಿಪ್ಪಿನಲ್ಲಿ ಕೊಡುವುದೋ ಎಂದು ಹೆಂಗಸರು ತಡವರಿಸುವಾಗ ಇವರೇ ತಮ್ಮ ಲೋಟ ತೆಗೆದು ಮುಂದಿಡುವರು. "ನಿಮ್ ಲ್ವಾಟ ಬ್ಯಾಡಿ. ನೀವು ತೊಳ್ದಿದ್ದೀರೋ ಇಲ್ವೋ ನಂಗೆ ಗೊತ್ತಿಲ್ಲ" ಎನ್ನುವರು. ಹೇಳುವಾಗ ಮುಖದಲ್ಲಿ ನಗುವಿರುತ್ತಿರಲಿಲ್ಲ. ಮನೆಗೆ ಬಂದು ನನಗೆ ಹೇಳುವಾಗ ಮಾತ್ರ ಕಣ್ಣಲ್ಲಿ ನೀರು ಬರುವಷ್ಟು ನಗುವರು.

ಹುಟ್ಟುವಾಗ ಎಲ್ಲ ಮಕ್ಕಳೂ ಒಂದೇ ಬಣ್ಣ, ಕೈಯಲ್ಲಿ ಹಿಡಿದ ನಾನು ಕಂಡಿದ್ದೇನೆ ಎಂಬುದು ಅವರು ಪದೇ ಪದೇ ಆಡುತ್ತಿದ್ದ ಮಾತು. ಅದನ್ನು ಅವರು ಬರಿಯ ಮಾತಾಗಿ ಆಡುತ್ತಿರಲಿಲ್ಲ. ಅವರ ಬದುಕೆಲ್ಲ ಆ ಮಾತಿನ ಮೇಲೇ ನಿಂತಿತ್ತು.

ಹೆರಿಗೆಗಾಗಿ ಅವರು ನಡೆಯದ ದಾರಿಯಿಲ್ಲ. ಈ ಕಡೆ ಮಾರ್ಟಳ್ಳಿ, ಆ ಕಡೆ ಒಡೆಯರಪಾಳ್ಯ. ಬಸ್ಸು ಇದ್ದರೆ ಬಸ್ಸು, ಗಾಡಿ ಸಿಕ್ಕರೆ ಗಾಡಿ, ಇಲ್ಲದಿದ್ದರೆ ಕಾಡಿನ ದಾರಿಯಲ್ಲಿ ಒಬ್ಬರೇ. ನಾನು ಹನೂರಿಗೆ ಬರುವ ಮುಂಚಿನ ವರ್ಷ ಒಡೆಯರಪಾಳ್ಯದ ದಾರಿಯಲ್ಲಿ ಬಿದಿರಿನ ಗಾಡಿಯವರಿಬ್ಬರು ಅವರನ್ನು ತಡೆದಿದ್ದರಂತೆ. ಅದಕ್ಕಿಂತ ಹೆಚ್ಚು ಅವರು ಹೇಳಿದ್ದಿಲ್ಲ. ಅಂದಿನಿಂದ ಕತ್ತರಿಯನ್ನು ಚೀಲದಲ್ಲಿ ಇಡದೆ ಕೈಯಲ್ಲೇ ಹಿಡಿದು ನಡೆಯುತ್ತಿದ್ದರಂತೆ.

ಅದೇ ಕಾಲದಲ್ಲಿ ನಾಯಿ ಬಂತು. ಒಡೆಯರಪಾಳ್ಯದಿಂದಾಚೆ ಬೆಟ್ಟದ ಮೇಲೆ ಒಬ್ಬ ದೊರೆಯ ಕಾಫಿ ತೋಟವಿತ್ತು. ದೊರೆ ತೋಟ ಮಾರಿ ತನ್ನ ದೇಶಕ್ಕೆ ಹೊರಟಿದ್ದ. ಆ ತೋಟದ ಲೆಕ್ಕ ಬರೆಯುವ ರೈಟರ ಹೆಂಡತಿಗೆ ಇವರು ಕಷ್ಟದ ಹೆರಿಗೆ ಮಾಡಿಸಿದ್ದರು. ಒಬ್ಬರೇ ಓಡಾಡುತ್ತೀರಿ, ಜಾತಿ ನಾಯಿ, ನಿಮಗೆ ಕಾವಲಾಗುತ್ತದೆ ಎಂದು ರೈಟರು ದೊರೆಯ ನಾಯಿಯೊಂದನ್ನು ಸರಪಳಿ ಸಮೇತ ಇವರ ಕೈಗೆ ಕೊಟ್ಟರಂತೆ. ಅದರ ಹೆಸರು ಡ್ಯೂಕ್. ಊರವರ ಬಾಯಲ್ಲಿ ಡೂಕ.

ನಾನು ಅಂಥ ನಾಯಿಯನ್ನು ಕಂಡಿರಲಿಲ್ಲ. ಬಹಳ ಎತ್ತರವೇನೂ ಇಲ್ಲ. ಕಂದು ಮೈಯ ಮೇಲೆ ಹುಲಿಪಟ್ಟೆಯಂಥ ಮಾಸಲು ಗೆರೆ. ಕಿವಿ ಕತ್ತರಿಸಿ ಬಿಟ್ಟಿದ್ದರು. ತಲೆ ಮಾತ್ರ ಮೈಗೆ ಮೀರಿದ್ದು. ಎರಡು ದವಡೆಯಲ್ಲೂ ಕೊಬ್ಬರಿ ಗಿಟುಕು ಇಟ್ಟುಕೊಂಡಂತೆ ಉಬ್ಬು. ಅದು ಬೊಗಳುತ್ತಿರಲಿಲ್ಲ. ಬೀದಿ ನಾಯಿಗಳು ಎದುರು ನಿಂತು ಗಂಟಲು ಹರಿದುಕೊಂಡರೂ ಸುಮ್ಮನೆ ನೋಡುವುದು.

ನಾಯಿಯ ಜೊತೆಗೆ ರೈಟರು ಇನ್ನೊಂದು ಸಾಮಾನು ಕೊಟ್ಟಿದ್ದರು. ಗೇಣುದ್ದದ ಮರದ ತುಂಡು, ಒಂದು ತುದಿ ಉಳಿಯ ಹಾಗೆ ಚಪ್ಪಟೆ. ನರ್ಸಮ್ಮ ಅದನ್ನು ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದ್ದರು. ಇದೇನೆಂದು ಕೇಳಿದೆ. ಈ ನಾಯಿ ಹಿಡಿದರೆ ತಾನಾಗಿ ಬಿಡುವುದಿಲ್ಲವಂತೆ, ಆಗ ಇದನ್ನು ಹಲ್ಲಿನ ಹಿಂದೆ ತೂರಿಸಿ ತಿರುಗಿಸಬೇಕಂತೆ, ನನಗೆ ಇದುವರೆಗೆ ಬೇಕಾಗಿಲ್ಲ ಎಂದರು. ಕೈಗೆ ತಕ್ಕೊಂಡು ನೋಡಿದೆ. ಮರದ ತುಂಬ ಹಲ್ಲಿನ ಗುರುತು, ಹಳೆಯವು, ಒಂದರ ಮೇಲೊಂದು. ಎಷ್ಟು ಸಲ ಬಳಸಿದರೆ ಇಷ್ಟು ಗುರುತು ಬೀಳಬೇಕು ಎಂದು ಅವರಿಗೂ ಹೊಳೆದಿರಬೇಕು. ಆದರೆ ಆ ನಾಯಿ ಬಂದ ಮೇಲೆ ಅವರು ಕತ್ತರಿಯನ್ನು ಮತ್ತೆ ಚೀಲಕ್ಕೆ ಹಾಕಿದ್ದರು. "ಈಗ ಜನ ದಾರಿ ಬಿಟ್ಟು ನಿಂತ್ಕೊತಾರೆ ಕಣವ್ವ" ಎಂದರು. "ಮೊದ್ಲೂ ಬಿಟ್ಟು ನಿಂತ್ಕೊತಿದ್ರು. ಅದು ಬ್ಯಾರೆ ಕಾರಣಕ್ಕೆ."

ನಾನು ಬಸುರಿಯಾದಾಗ ಮುಳ್ಳೂರಿನಿಂದ ನಮ್ಮತ್ತೆ ಬಂದರು. ಹೊಲ ಮನೆ ನೋಡಿಕೊಂಡು ನಾಲ್ಕು ಮಕ್ಕಳನ್ನು ದಡ ಸೇರಿಸಿದ ವಿಧವೆ. ಮಾತು ಕಡಿಮೆ, ಆಡಿದ್ದು ಗಟ್ಟಿ. ಆ ಕೇರಿಯ ಹೆಂಗಸಿನ ಕೈ ನನ್ನ ಸೊಸೆಯ ಮೇಲೆ ಬೀಳಬಾರದೆಂದು ಮಗನಿಗೆ ಬಂದ ದಿನವೇ ಹೇಳಿದರು. ನೋವು ಬಂದು ಒಂದೂವರೆ ದಿನವಾದರೂ ಮಗು ಹೊರಗೆ ಬರಲಿಲ್ಲ. ಅತ್ತೆಯ ಮುಖ ಸುಣ್ಣವಾಯಿತು. ಮಧ್ಯಾಹ್ನ ಅವರೇ ಹಿತ್ತಲ ಬಾಗಿಲು ತೆಗೆದು, ಹೊಸಲಿನ ಈಚೆಗೆ ನಿಂತು, ಬಾರವ್ವ ಎಂದು ಕರೆದರು. ನರ್ಸಮ್ಮ ಕೈ ಬಿಸಿ ಮಾಡಿಕೊಂಡು ಒಳಗೆ ಬಂದರು. ಸಂಜೆಯ ಹೊತ್ತಿಗೆ ನನ್ನ ಮಗಳು ಹುಟ್ಟಿದಳು. ಮಾರನೆಯ ಬೆಳಿಗ್ಗೆ ಅತ್ತೆ ಮನೆಯೆಲ್ಲ ಗಂಜಳ ಚಿಮುಕಿಸಿದರು. ನರ್ಸಮ್ಮ ತಮ್ಮ ಹಿತ್ತಲಿನಿಂದ ಅದನ್ನು ಕಂಡರು, ಕಾಣದವರಂತೆ ಬಟ್ಟೆ ಒಗೆದರು. ನಾನು ಮಲಗಿದ್ದಲ್ಲಿಂದ ಇಬ್ಬರನ್ನೂ ನೋಡುತ್ತಿದ್ದೆ.

ಅತ್ತೆಗೆ ಡೂಕನನ್ನು ಕಂಡರೆ ಆಗುತ್ತಿರಲಿಲ್ಲ. ಹೆದರಿಕೆಯಲ್ಲ. ಸಂತೆಯಲ್ಲಿ ಎತ್ತನ್ನು ನೋಡುವ ಹಾಗೆ ದೂರದಲ್ಲಿ ನಿಂತು ಬಹಳ ಹೊತ್ತು ನೋಡುತ್ತಿದ್ದರು. ಒಂದು ದಿನ ನನಗೆ ಹೇಳಿದರು: "ಅದರ ಕಣ್ಣಲ್ಲಿ ಏನೂ ಇಲ್ಲ ಕಣಮ್ಮಿ. ಕ್ವಾಪನೂ ಇಲ್ಲ, ಬಯನೂ ಇಲ್ಲ. ಅಂತಾದ್ನ ನಂಬಬಾರ್ದು." ನನಗೆ ಸಿಟ್ಟು ಬಂತು. ಗಂಜಳ ಚಿಮುಕಿಸಿದ ಕೈಯೇ ಈಗ ನಾಯಿಗೂ ಮೈಲಿಗೆ ಹಚ್ಚುತ್ತಿದೆ ಎಂದುಕೊಂಡೆ. ಬಾಣಂತನ ಮುಗಿಸಿ ಅವರು ಊರಿಗೆ ಹೋದಾಗ ನಿಜವಾಗಿ ಹೇಳುತ್ತೇನೆ, ಹಗುರವಾಯಿತು.

ಮಗುವಿನ ಹತ್ತಿರ ಆ ನಾಯಿ ಬೆಣ್ಣೆಯ ಹಾಗಿತ್ತು. ತೊಟ್ಟಿಲ ಕೆಳಗೆ ಮಲಗುವುದು. ಮಗು ಅಂಬೆಗಾಲಿಟ್ಟು ಹೋಗಿ ಅದರ ತುಂಡು ಕಿವಿ ಹಿಡಿದರೂ ಕಣ್ಣು ಮುಚ್ಚಿ ಬಿದ್ದಿರುವುದು. ಅದನ್ನು ಮಗುವಿನ ಪಕ್ಕ ಬಿಟ್ಟು ನಾನು ಬಾವಿಗೆ ಹೋದದ್ದು ಒಂದೆರಡು ಸಲವಲ್ಲ.

ಆಮೇಲೆ ಕತ್ತೆಯ ವಿಷಯ ನಡೆಯಿತು. ಹಳ್ಳದ ಹತ್ತಿರ ಮಡಿವಾಳನ ಕತ್ತೆ ಮೇಯುತ್ತಿತ್ತು. ಡೂಕ ಅದರ ಮೂತಿ ಹಿಡಿಯಿತು. ಅಷ್ಟೇ. ಮೂವರು ದೊಣ್ಣೆಯಿಂದ ಬಡಿದರೂ ಬಿಡಲಿಲ್ಲ. ಬಡಿದದ್ದು ಅದಕ್ಕೆ ತಿಳಿದಂತೆಯೇ ಇರಲಿಲ್ಲವಂತೆ. ಕಣ್ಣು ಮುಚ್ಚಿಕೊಂಡು, ಮೊಲೆ ಚೀಪುವ ಕೂಸಿನಂತೆ ಹಿಡಿದೇ ಇತ್ತಂತೆ. ನರ್ಸಮ್ಮ ಮರದ ತುಂಡು ತಂದು ಬಿಡಿಸಿದರು. ಮೂರನೆಯ ದಿನ ಕತ್ತೆ ಸತ್ತಿತು. ಅವರು ಮಡಿವಾಳನಿಗೆ ಬೇರೆ ಕತ್ತೆ ಕೊಡಿಸಿದರು.

ಆ ವಾರ ಶಾಲೆಯ ಜಗಲಿಯ ಮೇಲೆ ಊರವರು ಸೇರಿದರು. ಊರಿನ ಯಜಮಾನರು ಬಂದಿದ್ದರು. ಮಾರ್ಟಳ್ಳಿಯ ಕಡೆಯ ಒಬ್ಬ ಮುದುಕ ಬೇಟೆಗಾರನನ್ನೂ ಕರೆಸಿದ್ದರು; ಹಂದಿ ಬೇಟೆಗೆ ನಾಯಿ ಸಾಕಿದವನು, ನಾಯಿಯ ವಿಷಯದಲ್ಲಿ ಅವನ ಮಾತಿಗೆ ಬೆಲೆ. ನಾನು ಮಗುವನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ನಿಂತಿದ್ದೆ. ಬೇಟೆಗಾರ ಡೂಕನ ಬಾಯಿ ಬಿಡಿಸಿ ನೋಡಿದ, ಎದೆ ತಟ್ಟಿ ನೋಡಿದ. ತಮಿಳು ಬೆರೆತ ಕನ್ನಡದಲ್ಲಿ ಮೆಲ್ಲಗೆ ಹೇಳಿದ.

"ತಾಯೀ, ಇದು ಸಂಡೈ ನಾಯಿ. ಕಾದಾಡೋಕೆ ಅಂತ ಮಾಡಿದ್ದು. ಅದರಪ್ಪ, ಅಪ್ಪನಪ್ಪ, ಎಲ್ಲಾರ್ಗೂ ಅದೇ ಕೆಲ್ಸ. ನಮ್ ನಾಯಿ ಗುರ್ ಅನ್ನುತ್ತೆ, ಅಲ್ಲು ತೋರ್ಸುತ್ತೆ, ತಪ್ಪಿಸ್ಕೊಳ್ಳೋಕೆ ಒಂದ್ ಗಳಿಗೆ ಕೊಡುತ್ತೆ. ಇದು ಕೊಡಲ್ಲ. ಇದರ್ದು ತಪ್ಪಲ್ಲ. ಆದ್ರೆ ಮನೇಲಿ ಇಡಬ್ಯಾಡಿ."

ಯಜಮಾನರು ತಲೆಯಾಡಿಸಿ, ಜಾತಿ ಗುಣ ಸುಟ್ಟರೂ ಹೋಗಲ್ಲ ಎಂದು ಸೇರಿಸಿದರು. ಆ ಮಾತು ಅವರು ಆಡಬಾರದಿತ್ತು.

ನರ್ಸಮ್ಮ ಎದ್ದು ನಿಂತರು. ಅವರ ದನಿ ಏರಲಿಲ್ಲ. "ಉಟ್ಟಿನಿಂದ ಗುಣ ಏಳ್ತೀರಾ ಯಜಮಾನ್ರೇ? ನಮ್ಮಪ್ಪಂಗೂ ಇಂಗೇ ಏಳೋರು, ಈ ರಕ್ತನೇ ಇಂಗೆ ಅಂತ. ನನಗೂ ಏಳಿದ್ರು. ಆ ರಕ್ತದ ಕೈಯೇ ನಿಮ್ಮನೆ ಮೂರು ಮೊಮ್ಮಕ್ಳನ್ನ ಎತ್ಕಂಡಿದ್ದು. ಸಾಕೋ ಕೈ ಮ್ಯಾಲೆ ಐತೆ ಎಲ್ಲ. ನಾಯಿ ನಂದು. ನಾನ್ ನೋಡ್ಕೊತೀನಿ."

ಯಜಮಾನರ ಮನೆಯಲ್ಲಿ ಆ ಮೂರು ಸಲವೂ ನೆಲ ತೊಳೆದದ್ದು ಎಲ್ಲರಿಗೂ ಗೊತ್ತಿತ್ತು. ಅವರು ನೆಲ ನೋಡುತ್ತ ಕೂತರು. ನನ್ನ ಗಂಡ, ನರ್ಸಮ್ಮ ಹೇಳಿದ್ದೇ ಸರಿ ಎಂದು ದೊಡ್ಡದಾಗಿ ಹೇಳಿದರು. ಕಿಟಕಿಯ ಹಿಂದೆ ನನ್ನ ಎದೆ ಉಬ್ಬಿತು. ಸಭೆ ಕರಗಿತು. ಬೇಟೆಗಾರ ಮಾತ್ರ ಹೊರಡುವ ಮುಂಚೆ ನಮ್ಮ ಬಾಗಿಲಿಗೆ ಬಂದು, ಮಗುವನ್ನು ಕೆಳಗೆ ಬಿಡಬೇಡಿ ತಾಯಿ ಎಂದು ಹೇಳಿ ಹೋದ. ನಾನು ಅದನ್ನು ನರ್ಸಮ್ಮನಿಗೆ ಹೇಳಲಿಲ್ಲ. ಅವರಿಗೆ ನೋವಾದೀತೆಂದು.

ಈಗ ಯೋಚಿಸಿದರೆ ಅನ್ನಿಸುತ್ತದೆ. ಅವತ್ತು ಜಗಲಿಯ ಮೇಲೆ ಬೇಟೆಗಾರ ಆಡಿದ್ದು ನಿಜ. ಆದರೆ ಅದೇ ಮಾತನ್ನು ಇಷ್ಟು ಕಾಲ ಮನುಷ್ಯರ ಮೇಲೆ ಸುಳ್ಳಾಗಿ ಆಡಿದ ಬಾಯಿಗಳು ಸುತ್ತಲೂ ಇದ್ದವು. ಆ ಬಾಯಿಗಳ ನಡುವೆ ನಿಜ ನಿಲ್ಲಲಿಲ್ಲ.

ಯುಗಾದಿಗೆ ನಾಲ್ಕು ದಿನವಿರುವಾಗ ಅತ್ತೆ ಮತ್ತೆ ಬಂದರು. ಮಗಳಿಗೆ ಒಂಬತ್ತು ತಿಂಗಳು. ಬೆಳಿಗ್ಗೆ ಹತ್ತರ ಬಿಸಿಲು. ನಾನು ಹಿಂದಿನ ಜಗಲಿಯ ಮೇಲೆ ಅವರೆಕಾಳು ಹಸನು ಮಾಡುತ್ತಿದ್ದೆ. ಮಗು ಚಾಪೆಯ ಮೇಲೆ. ಡೂಕ ಮಗುವಿನ ಪಕ್ಕ, ಅದರ ಬೆನ್ನಿಗೆ ಮಗುವಿನ ಒಂದು ಕಾಲು ತಾಕಿಕೊಂಡಿತ್ತು. ನರ್ಸಮ್ಮ ತಮ್ಮ ಬಾಗಿಲಲ್ಲಿ ಸೀರೆ ಹಿಂಡುತ್ತಿದ್ದರು. ಅತ್ತೆ ಬಾವಿಯಿಂದ ಕೊಡ ಹೊತ್ತು ಬರುವಾಗ ಪಾಚಿಯ ಮೇಲೆ ಕಾಲಿಟ್ಟು ಜಾರಿ ಬಿದ್ದರು. ಕೊಡ ಉರುಳಿತು. ಅವರು ಅಯ್ಯೋ ಎಂದದ್ದು ಒಂದೇ ಸಲ.

ಡೂಕ ಎದ್ದಿತು. ಓಡಲಿಲ್ಲ, ಗುರುಗುಟ್ಟಲಿಲ್ಲ. ಕರೆದವರ ಹತ್ತಿರ ಹೋಗುವ ಹಾಗೆ ಹೋಯಿತು. ಏಳಲು ಕೈಯೂರಿದ್ದ ಅತ್ತೆಯ ಎಡಗೈಯನ್ನು ಮೊಣಕೈಯ ಮೇಲೆ ಹಿಡಿಯಿತು. ಕಣ್ಣು ಮುಚ್ಚಿತು.

ನಾನು ಕೂತಲ್ಲೇ ಕಲ್ಲಾದೆ. ಇದನ್ನು ಹೇಳದೆ ಇರಲಾರೆ. ಕಾಲು ಏಳಲಿಲ್ಲ. ನರ್ಸಮ್ಮ ಸೀರೆ ಬಿಸಾಕಿ ಓಡಿಬಂದರು. ಮರದ ತುಂಡು ಮನೆಯ ಒಳಗಿತ್ತು. ಅದನ್ನು ತರಲು ಹಿಂದಿರುಗುವಷ್ಟು ಹೊತ್ತಿರಲಿಲ್ಲ. ಡೂಕನ ಬೆನ್ನ ಮೇಲೆ ಕಾಲು ಹಾಕಿ ಕೂತು, ತಮ್ಮ ಬಲಗೈಯ ಬೆರಳುಗಳನ್ನು ಅದರ ದವಡೆಯ ಹಿಂದಿನ ಸಂದಿಗೆ ತೂರಿಸಿದರು. ದವಡೆ ಒಂದು ಎಳೆಯಷ್ಟು ಸಡಿಲವಾಯಿತು. ಅತ್ತೆಯ ಕೈ ಜಾರಿತು. ನರ್ಸಮ್ಮನ ಕೈ ಒಳಗೇ ಉಳಿಯಿತು.

ಆಗ ಅವರು ನನ್ನ ಕಡೆ ನೋಡಿ, ಒಲೆಯ ಮೇಲಿನ ಹಾಲು ಇಳಿಸು ಎನ್ನುವ ದನಿಯಲ್ಲಿ ಹೇಳಿದರು. "ಮಗೀನ ಒಳೀಕ್ ಆಕಿ ಬಾಗ್ಲು ಜಡಿ. ಆಮ್ಯಾಕೆ ಬಾಗ್ಲಿಂದೆ ಇರೋ ತುಂಡು ತಕಂಡ್ ಬಾ."

ನನಗೆ ಕಾಲು ಬಂದವು. ಮಗುವನ್ನು ಒಳಗಿಟ್ಟು ಅಗುಳಿ ಹಾಕಿದೆ, ತುಂಡು ತಂದೆ. ಅವರು ಎಡಗೈಯಿಂದ ಅದನ್ನು ತೂರಿಸಿ ತಿರುಗಿಸಿದರು. ಡೂಕ ಬಾಯಿ ಬಿಟ್ಟಿತು. ಬಿಟ್ಟದ್ದೇ ಬಾಲ ಅಲ್ಲಾಡಿಸಿಕೊಂಡು ಅವರ ಮುಖ ನೆಕ್ಕಿತು. ಎದುರಿಗೆ ಕೂತು, ಮೆಚ್ಚುಗೆಗೆ ಕಾಯುವಂತೆ ನೋಡಿತು. ನನ್ನ ಕನಸಿನಲ್ಲಿ ಈಗಲೂ ಬರುವುದು ಆ ಕಡಿತವಲ್ಲ, ಆ ಬಾಲ.

ಅದನ್ನು ನುಗ್ಗೆಮರಕ್ಕೆ ಕಟ್ಟಿದರು. ಆಮೇಲೆ ತಮ್ಮ ಕೈಗೆ ಬಟ್ಟೆ ಸುತ್ತಿಕೊಂಡು, ಒಂದೇ ಕೈಯಲ್ಲಿ ಸೋಪು ನೀರು ಹುಯ್ದು ಅತ್ತೆಯ ಗಾಯ ತೊಳೆದರು. ಟಿಂಚರು ಹಚ್ಚಿದರು. ಅತ್ತೆ ಹಲ್ಲು ಕಚ್ಚಿ ಮಲಗಿದ್ದರು. ಮಧ್ಯಾಹ್ನದ ಬಸ್ಸಿನಲ್ಲಿ ನನ್ನ ಗಂಡ ಇಬ್ಬರನ್ನೂ ಕೊಳ್ಳೇಗಾಲದ ಆಸ್ಪತ್ರೆಗೆ ಕರೆದೊಯ್ದರು.

ಅತ್ತೆ ಮೂರು ವಾರ ಅಲ್ಲಿದ್ದರು. ಕೈ ಉಳಿಯಿತು, ಆದರೆ ಮತ್ತೆ ಕೊಡ ಹೊರಲಿಲ್ಲ. ನರ್ಸಮ್ಮನ ಬಲಗೈಗೆ ಡಾಕ್ಟರು ಮಾಡಬೇಕಾದ್ದೆಲ್ಲ ಮಾಡಿದರು. ನಾಲ್ಕನೆಯ ದಿನವೇ ಅವರು ಕೈಯನ್ನು ಕುತ್ತಿಗೆಗೆ ಕಟ್ಟಿಕೊಂಡು ಹನೂರಿಗೆ ವಾಪಸಾದರು. ಕಚ್ಚಿದ ನಾಯಿಯನ್ನು ಹತ್ತು ದಿನ ಕಟ್ಟಿ ನೋಡಬೇಕು. ಅಷ್ಟರಲ್ಲಿ ಸತ್ತರೆ ಹುಚ್ಚು. ಹೊಟ್ಟೆಗೆ ಸೂಜಿ ಇಬ್ಬರಿಗೂ ಶುರುವಾಗಿತ್ತು. ನಾಯಿಯನ್ನು ನೋಡಿಕೊಳ್ಳಲು ಊರಿನಲ್ಲಿ ಯಾರೂ ಒಪ್ಪಿರಲಿಲ್ಲ. ಇವರೇ ದಿನಾ ಎಡಗೈಯಲ್ಲಿ ಮುದ್ದೆ ಮುರಿದು ಹಾಕುತ್ತಿದ್ದರು. ದೂರದಲ್ಲಿ ಕೂತು ಅದರ ನಡೆ, ಜೊಲ್ಲು, ನೀರು ಕುಡಿಯುವುದು ಎಲ್ಲ ನೋಡುತ್ತಿದ್ದರು. ಊರೆಲ್ಲ ಅದು ಹುಚ್ಚು ನಾಯಿ ಎಂದೇ ಹೇಳುತ್ತಿತ್ತು. ಹಾಗೆಂದರೆ ಎಲ್ಲರಿಗೂ ನೆಮ್ಮದಿ.

ಆ ದಿನಗಳಲ್ಲಿ ಕೊಳ್ಳೇಗಾಲದಿಂದ, ಹೆರಿಗೆ ಕೇಂದ್ರ ನಡೆಸುವ ಜಿಲ್ಲಾ ಬೋರ್ಡಿನ ಇನ್‌ಸ್ಪೆಕ್ಟರೊಬ್ಬರು ವಿಚಾರಣೆಗೆ ಬಂದರು. ಬರುವ ಮುಂಚೆ ಆಸ್ಪತ್ರೆಯಲ್ಲಿ ಅತ್ತೆಯ ಹೇಳಿಕೆ ತೆಗೆದುಕೊಂಡಿದ್ದರು. ನಾನೇ ನಾಯಿಯ ಬಾಲ ತುಳಿದೆ, ಆ ಹೆಂಗಸಿನ ತಪ್ಪೇನಿಲ್ಲ ಎಂದು ಅತ್ತೆ ಹೆಬ್ಬೆಟ್ಟು ಒತ್ತಿದ್ದರು. ಇನ್‌ಸ್ಪೆಕ್ಟರು ಆ ಕಾಗದ ಓದಿ ಹೇಳಿದಾಗ ನನಗೆ ನಂಬಿಕೆಯಾಗಲಿಲ್ಲ. ಆ ಮಾತು ಸಾಕಾಗಿತ್ತು, ನರ್ಸಮ್ಮನ ಕೆಲಸ ಉಳಿಯುತ್ತಿತ್ತು. ಅವರು ಬೇಡವೆಂದರು. "ಅವ್ರು ತುಳೀಲಿಲ್ಲ ಸಾ. ಅವ್ರು ಬಿದ್ರು, ಅದು ಇಡ್ಕತು. ಅಷ್ಟೇ. ಇಂತಾದ್ದು ಅಂತ ನಂಗೆ ಮೊದ್ಲೇ ಏಳಿದ್ರು. ನಾನ್ ಕೇಳ್ಲಿಲ್ಲ. ಇಂಗೇ ಬರ್ಕಳಿ." ಇನ್‌ಸ್ಪೆಕ್ಟರು ಬರೆದುಕೊಂಡು ಹೋದರು.

ಹತ್ತನೆಯ ದಿನ ಸಂಜೆ ನಾನು ಅವರ ಪಕ್ಕ ಹೋಗಿ ಕೂತೆ. ಡೂಕ ನುಗ್ಗೆಮರದ ಕೆಳಗೆ ಆರೋಗ್ಯವಾಗಿ ಮಲಗಿತ್ತು. ನನ್ನನ್ನು ಕಂಡು ಬಾಲ ಬಡಿಯಿತು.

"ಉಚ್ಚು ಇಡಿದಿದ್ರೆ ಎಷ್ಟೋ ಚೆಂದಾಗಿತ್ತು ಕಣವ್ವ" ಎಂದರು. "ಕಾಯ್ಲೆ ಅಂತ ಅಂದ್ಕಬೋದಿತ್ತು."

ನಾಯಿಯನ್ನು ನೋಡುತ್ತಲೇ ಮುಂದುವರಿಸಿದರು. "ಅವತ್ತು ಆ ಮುದುಕ ನಾಯಿ ಮಾತೇ ಆಡ್ತಿದ್ದ. ನಂಗೆ ನಮ್ಮಪ್ಪನ್ ಮಾತು ಕೇಳುಸ್ತು. ಇದ್ನ ಕಚ್ಚಲಿ ಅಂತ್ಲೇ ಆರಿಸಿ ಆರಿಸಿ ಉಟ್ಟುಸಿದ್ರು. ನಮ್ಮನ್ನ ಯಾರೂ ಅಂಗೆ ಉಟ್ಟುಸ್ಲಿಲ್ಲ, ಬರೀ ಬಾಯಲ್ಲಿ ಅಂದ್ರು. ಎಲ್ಡೂ ಒಂದೇ ಅಂದ್ಕಬುಟ್ಟೆ."

ನಾನು ಅವರ ಎಡಗೈ ಹಿಡಿದುಕೊಂಡೆ. ಅವತ್ತು ಮೊದಲ ಸಲ ಆ ಕೈ ತಣ್ಣಗಿತ್ತು.

ಮಾರನೆಯ ಬೆಳಿಗ್ಗೆ ಬೇಟೆಗಾರನನ್ನು ಕರೆಸಿದರು. ಹುಣಸೆ ತೋಪಿಗೆ ಡೂಕನನ್ನು ಅವರೇ ನಡೆಸಿಕೊಂಡು ಹೋದರು. ಸರಪಳಿಯನ್ನು ಬೇರೆಯವರಿಗೆ ಕೊಡಲು ಒಪ್ಪಲಿಲ್ಲ. ನಾನು ಹಿಡಿದಿದ್ದರೆ ಅದಕ್ಕೆ ಹೆದರಿಕೆಯಾಗುವುದಿಲ್ಲ ಎಂದರಂತೆ. ಮನೆಯಲ್ಲಿದ್ದ ನನಗೆ ಒಂದು ಸದ್ದು ಕೇಳಿತು. ಹಕ್ಕಿಗಳು ಎದ್ದವು. ಅರ್ಧ ಗಂಟೆಯ ಮೇಲೆ ಅವರು ಬಂದು, ಡೂಕನ ಮಡಕೆಯನ್ನು ತೊಳೆದು ಬೋರಲು ಹಾಕಿದರು.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಆದರೆ ತೋಪಿನಿಂದ ಹೊರಡುವಾಗ ಬೇಟೆಗಾರ ಅವರಿಗೆ ಒಂದು ಮಾತು ಹೇಳಿದ್ದ. ಬರುವ ದಾರಿಯಲ್ಲಿ ಯಜಮಾನರ ಕೊಟ್ಟಿಗೆಯಲ್ಲಿ ಒಂದು ಮರಿ ಕಂಡೆ, ತಲೆ ಹೀಗೇ ಇದೆ ಎಂದು. ಡೂಕ ಎರಡು ವರ್ಷಕ್ಕೂ ಹೆಚ್ಚು ಊರಿನಲ್ಲಿ ಓಡಾಡಿತ್ತು. ಯಾರಿಗೂ ಆ ಕಡೆ ಯೋಚನೆ ಹೋಗಿರಲಿಲ್ಲ.

ಮಧ್ಯಾಹ್ನ ಅವರು ಹೊರಟರು. ಒಬ್ಬರನ್ನೇ ಕಳಿಸಲು ಮನಸ್ಸಾಗದೆ ನಾನೂ ಮಗುವನ್ನು ಸೊಂಟಕ್ಕೇರಿಸಿ ಹೋದೆ. ಯಜಮಾನರ ಕೊಟ್ಟಿಗೆಯಲ್ಲಿ ಎಮ್ಮೆಯ ಪಕ್ಕ ನಾಲ್ಕು ತಿಂಗಳ ಮರಿಯೊಂದನ್ನು ಕಟ್ಟಿದ್ದರು. ಬಾಲ, ಕಾಲು ನಮ್ಮ ಬೀದಿ ನಾಯಿಯವು. ತಲೆ ಅದೇ. ಯಜಮಾನರ ಕಿರಿಯ ಮೊಮ್ಮಗಳು ಅದರ ಮುಂದೆ ಕೂತು ರೊಟ್ಟಿ ತಿನ್ನಿಸುತ್ತಿದ್ದಳು. ಇನ್ನೆರಡು ಮರಿ ಇದ್ದವಂತೆ. ಅವನ್ನೂ ಯಜಮಾನರೇ ಹಿಡಿಸಿ ಹೊಲದ ಮನೆಯಲ್ಲಿ ಸಾಕಿಸುತ್ತಿದ್ದರು. ಜೋಳಕ್ಕೆ ಹಂದಿಯ ಕಾಟ, ಇಂಥ ದವಡೆ ಇನ್ನೆಲ್ಲಿ ಸಿಕ್ಕೀತು, ಒಳ್ಳೆಯ ಜಾತಿ ಎಂದರು. ನಾಯಿಯನ್ನು ಊರಿನಿಂದ ಕಳಿಸಿ ಎಂದು ಜಗಲಿಯ ಮೇಲೆ ಕೂತಿದ್ದವರೇ ಇವರು.

ನರ್ಸಮ್ಮ ಕೊಟ್ಟಿಗೆಯ ಬಾಗಿಲಲ್ಲೇ ನಿಂತು ಕೇಳಿದರು. "ಅವತ್ತು ನಾನ್ ಆಡಿದ್ದು ತಪ್ಪು ಯಜಮಾನ್ರೇ. ನೀವು ಏಳಿದ್ದೇ ಸರಿ. ಮೂರನ್ನೂ ನಂಗೆ ಕೊಟ್ಬುಡಿ."

ಯಜಮಾನರು ಕೋಪ ಮಾಡಿಕೊಳ್ಳಲಿಲ್ಲ. ಮರುಕದಿಂದ ನಕ್ಕರು. ನೀವೇ ಹೇಳಿದ್ದಿರಲ್ಲ, ಸಾಕುವ ಕೈಯ ಮೇಲಿದೆ ಎಂದು. ನಮ್ಮ ಕೈ ಒಳ್ಳೆಯದು ಎಂದರು. ಅವರ ಮನೆಯ ಹೆಂಗಸರು ಬಾಗಿಲ ಹಿಂದಿನಿಂದ ನರ್ಸಮ್ಮನ ಕಟ್ಟು ಹಾಕಿದ ಕೈಯನ್ನು ನೋಡುತ್ತಿದ್ದರು. ನರ್ಸಮ್ಮ ಇನ್ನೂ ಎರಡು ಸಲ ಕೇಳಿಕೊಂಡರು. ಕಾಲಿಗೆ ಬೀಳುವುದೊಂದು ಬಾಕಿ. ಆಮೇಲೆ ಮೊಮ್ಮಗಳನ್ನು ಹೆಸರು ಹಿಡಿದು ಕರೆದು, ಈಚೆಗೆ ಬಾ ಕಂದ ಎಂದರು. ಆ ಹುಡುಗಿಯನ್ನು ಎತ್ತಿಕೊಂಡ ಮೊದಲ ಕೈ ಇವರದೇ. ಅವಳು ಬರಲಿಲ್ಲ.

ಬೇಸಿಗೆ ಕಳೆಯುವುದರೊಳಗೆ ಬೋರ್ಡಿನಿಂದ ಕಾಗದ ಬಂತು. ಅವರ ಬಲಗೈಯ ಹೆಬ್ಬೆರಳೂ ತೋರುಬೆರಳೂ ಒಂದನ್ನೊಂದು ಮತ್ತೆ ಮುಟ್ಟಲೇ ಇಲ್ಲ. ಆ ಕೈಯಲ್ಲಿ ಹೆರಿಗೆ ಮಾಡಿಸುವಂತಿರಲಿಲ್ಲ. ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಪಾತ್ರೆ ಕುದಿಸುವ, ಕಟ್ಟುಬಟ್ಟೆ ಮಡಿಸುವ ಕೆಲಸ ಕೊಟ್ಟರು. ಹೊರಟ ದಿನ ಬಸ್ಸಿನ ಹತ್ತಿರ ಏಳೆಂಟು ಹೆಂಗಸರು ಕಂಕುಳಲ್ಲಿ ಮಕ್ಕಳನ್ನಿಟ್ಟುಕೊಂಡು ನಿಂತಿದ್ದರು. ಹತ್ತಿರ ಬಂದವರು ಇಬ್ಬರು ಮೂವರು. ಅತ್ತೆ ಮುಳ್ಳೂರಿನಿಂದ ಒಂದು ಕುಡಿಕೆ ತುಪ್ಪ ಕಳಿಸಿದ್ದರು, ಒಂದು ಮಾತನ್ನೂ ಹೇಳಿ ಕಳಿಸಿರಲಿಲ್ಲ.

ಮಾರನೆಯ ವರ್ಷ ನನ್ನ ಗಂಡನಿಗೂ ಕೊಳ್ಳೇಗಾಲಕ್ಕೆ ವರ್ಗವಾಯಿತು. ನಾನು ಆಸ್ಪತ್ರೆಗೆ ಹೋಗಿ ಅವರನ್ನು ಕಂಡೆ. ಎಡಗೈಯಲ್ಲಿ ಎಲ್ಲ ಕೆಲಸ ಕಲಿತಿದ್ದರು. ಹೊಸದಾಗಿ ಬಂದ ನರ್ಸುಗಳು ಹೆರಿಗೆ ಕಷ್ಟವಾದಾಗ ಇವರನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಿದ್ದರು. ಆವತ್ತೇ ಅವರು ನನಗೆ ಇದನ್ನು ಹೇಳಿದ್ದು.

ಹಿಂದಿನ ತಿಂಗಳು ಒಂದು ಸೋಮವಾರ ಮಧ್ಯಾಹ್ನ ಹನೂರಿನಿಂದ ಗಾಡಿಯೊಂದು ಆಸ್ಪತ್ರೆಯ ಮುಂದೆ ಬಂದು ನಿಂತಿತಂತೆ. ಯಜಮಾನರು ಇಳಿದರು. ತೋಳಿನಲ್ಲಿ ಕಂಬಳಿ ಸುತ್ತಿದ ಮೊಮ್ಮಗಳು. ಡಾಕ್ಟರು ಹೊಲಿಗೆ ಹಾಕಿದ ಎರಡು ಗಂಟೆಯೂ ನರ್ಸಮ್ಮ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದರು. ಹುಡುಗಿ ಉಳಿದಳು. ಮುಖ ಮೊದಲಿನಂತೆ ಆಗಲಿಲ್ಲ. ಕೆಲಸ ಮುಗಿದ ಮೇಲೆ ಇವರು ಹೊರಗೆ ಬಂದರೆ ಯಜಮಾನರು ಬೇವಿನ ಮರದ ಬುಡದಲ್ಲಿ ಕೂತಿದ್ದರು. ಏನಾಯಿತೆಂದು ಇವರು ಕೇಳಬೇಕಾಗಿರಲಿಲ್ಲ.

"ಅದ್ನ ಒಡೆದಾಕಿದ್ರಾ?" ಎಂದರಂತೆ ಇವರು.

ಯಜಮಾನರು ಹೂಂ ಎಂದು ತಲೆಯಾಡಿಸಿದರು.

"ಇನ್ನೆಲ್ಡು ಎಲ್ಲವೆ?"

ಯಜಮಾನರು ತಲೆಯೆತ್ತದೆ ಹೇಳಿದರಂತೆ. "ಒಂದ್ನ ಮಾರ್ಟಳ್ಳಿ ಕಡೆಯೋರು ಕೇಳಿದ್ರು, ಕೊಟ್ಬುಟ್ಟೆ. ಇನ್ನೊಂದು ಎಲ್ಲೋಯ್ತೋ ಗೊತ್ತಿಲ್ಲ ಕಣವ್ವ."